ಆರನೆಯ ಸಾಲು

ನವೆಂಬರ್ 4, ಮಂಗಳವಾರ

ಇಂದು ಬೆಳಿಗ್ಗೆ ಕುರ್ಲಾದಿಂದ ಹತ್ತಿದ ಲೋಕಲ್‌ನಲ್ಲಿ ಎದುರಿಗೆ ಕುಳಿತ ಹೆಂಗಸು ಮಗುವಿನ ಶಾಲೆಯ ಅಂಗಿಯಿಂದ ಹಳೆಯ ಬ್ಯಾಜನ್ನು ಬಿಚ್ಚುತ್ತಿದ್ದಳು. ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ. ವಿಕ್ರೋಲಿ ಬರುವಷ್ಟರಲ್ಲಿ ಬ್ಯಾಜು ಕೈಗೆ ಬಂತು. ಒಗೆದು ಒಗೆದು ಅಂಗಿ ಬಿಳಿಚಿಕೊಂಡಿತ್ತು. ಬ್ಯಾಜಿದ್ದ ಕಡೆ ಮಾತ್ರ ಹೊಸ ಬಟ್ಟೆಯ ಗಾಢ ನೀಲಿ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಹೋಗಲಿಲ್ಲ.

ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು ಶೇರ್ ರಿಕ್ಷಾ ಹಿಡಿದೆ. ಆಫೀಸಿನ ಗೇಟು ಬಂದಾಗ ‘ರೋಕೋ’ ಅನ್ನುವುದು ಇಂದೂ ಬಾಯಿಗೆ ಬರಲಿಲ್ಲ. ಮುಂದಿನ ಸಿಗ್ನಲ್‌ನಲ್ಲಿ ಬೇರೆ ಯಾರೋ ನಿಲ್ಲಿಸಿದಾಗ ಇಳಿದು ಹಿಂದಕ್ಕೆ ನಡೆದೆ. ಹಾಗೆ ನಡೆಯುವಾಗ ಪವಾಯಿ ಕೆರೆ ಕಾಣುತ್ತದೆ, ಅದೊಂದು ಲಾಭ.

ಈ ಡೈರಿ ಅಪ್ಪ ಹೋಟೆಲಿನಿಂದ ತಂದದ್ದು. ಅಲ್ಲಿಗೆ ಚಹಾಪುಡಿ ಹಾಕುವವರು ಜನವರಿಯಲ್ಲಿ ಕೊಟ್ಟರಂತೆ. ಪ್ರತಿ ಪುಟದ ಮೂಲೆಯಲ್ಲೂ ಎರಡು ಎಲೆ, ಒಂದು ಮೊಗ್ಗು. ಹತ್ತು ತಿಂಗಳು ಖಾಲಿ ಇತ್ತು. ಕೆಲಸ ಸಿಕ್ಕಿದ ಮೇಲೆ ಬರೆಯಲು ಏನೋ ಇದೆ ಅನ್ನಿಸಿ ತೆಗೆದಿದ್ದೇನೆ.

ಕೆಲಸ ಹೀಗೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಒಂದು ರಾಜ್ಯದ ಗವರ್ನರ್‌ಗೆ ಬಂದ ಪತ್ರಗಳ ಫೋಟೋ ನಮ್ಮ ಪರದೆಗೆ ಬರುತ್ತದೆ; ನೋಡಿ ಸಾಲಿಗೆ ಸಾಲು ಟೈಪ್ ಮಾಡಬೇಕು. ಊರೂರಿನ ರೈತರು, ಬಡಗಿಗಳು, ಅಂಗಡಿಯವರು ಸೇರಿ ಕಟ್ಟಿಕೊಂಡ ಪಡೆಗಳಿದ್ದವು. ಮಿಲಿಷಿಯಾ ಅಂತ ಅದಕ್ಕೆ ಹೆಸರು. ತಮಗೆ ಕ್ಯಾಪ್ಟನ್ ಯಾರಾಗಬೇಕೆಂದು ಆ ಜನ ಕೈಯೆತ್ತಿ ಆರಿಸುತ್ತಿದ್ದರು. ಆದರೆ ನೇಮಕದ ಕಾಗದಕ್ಕೆ ಸಹಿ ಹಾಕಬೇಕಾದವನು ಗವರ್ನರ್. ಹಾಗಾಗಿ ಎಲ್ಲರೂ ಅವನಿಗೆ ಬರೆಯುತ್ತಿದ್ದರು. ನನ್ನ ಮಗನನ್ನು ಮಾಡಿ, ನನ್ನನ್ನು ಮಾಡಿ, ಅವನೊಬ್ಬನನ್ನು ಮಾಡಬೇಡಿ. ಎಂ.ಎ.ಯಲ್ಲಿ ಎರಡು ವರ್ಷ ಓದಿದ್ದರಲ್ಲಿ ಇಷ್ಟು ಜೀವಂತವಾದದ್ದು ಕಡಿಮೆ.

ಒಂದೇ ಪತ್ರವನ್ನು ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ಬೇರೆ ಬೇರೆ ಕೋಣೆಯಲ್ಲಿ ಟೈಪ್ ಮಾಡುತ್ತೇವೆ. ನಾನು ಒಂದನೇ ಕೈ. ಎರಡನೇ ಕೈ ಯಾರೆಂದು ಕೇಳುವ ಹಾಗಿಲ್ಲ. ಎರಡರಲ್ಲಿ ವ್ಯತ್ಯಾಸವಿದ್ದ ಕಡೆ ಕಂಪ್ಯೂಟರ್ ಹಳದಿ ಬಣ್ಣ ಹಚ್ಚುತ್ತದೆ. ಯಾವುದು ಸರಿ ಎಂದು ಟೀಮ್ ಲೀಡರ್ ಶಶಿಕಾಂತ್ ಸರ್ ತೀರ್ಮಾನಿಸುತ್ತಾರೆ. ಮಸಿ ಚೆಲ್ಲಿದ ಪುಟಗಳನ್ನು ತಿಣುಕಿ ಓದುವಾಗ ಗೋಡೆಯಾಚೆ ಇನ್ನೊಬ್ಬರೂ ಇದೇ ಪುಟಕ್ಕೆ ಕಣ್ಣು ಕಿರಿದು ಮಾಡಿ ಕುಳಿತಿದ್ದಾರೆ ಎಂದು ನೆನೆಸಿಕೊಳ್ಳುತ್ತೇನೆ. ಒಂಟಿ ಅನ್ನಿಸುವುದಿಲ್ಲ. ಯಾರೇ ಆಗಿರಲಿ, ಅವರಿಗೊಂದು ನಮಸ್ಕಾರ.

ಸಂಜೆ ಸರ್ ಕರೆದು, “ಡಿಸೆಂಬರ್‌ನಿಂದ ಒಂದು ಪರ್ಮನೆಂಟ್ ಪೋಸ್ಟ್ ಇದೆ, ರಿವ್ಯೂವರ್. ನಿನ್ನ ಹೆಸರು ಕಳಿಸಿದ್ದೇನೆ. ನಿನ್ನದು ತುಂಬಾ ಕ್ಲೀನ್ ಕೆಲಸ, ಒಂದೂ ಕಿಚಿಪಿಚಿ ಇಲ್ಲ,” ಎಂದರು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ನವೆಂಬರ್ 6, ಗುರುವಾರ

ಇಂದು ಆ ಗವರ್ನರ್ ಮೇಲೆ ಸಿಟ್ಟು ಬಂದಿದೆ.

ಪ್ರೌಟ್ ಎಂಬ ಶಾಲಾ ಮಾಸ್ತರ ಬರೆದ ಪತ್ರ. ಎಂಥ ಕೈಬರಹ! ನಮ್ಮ ಕಂಪನಿಯಲ್ಲಿ ಎಂಬತ್ತಮೂರು ಜನ ಇದ್ದಾರೆ, ಕವಾಯತು ನಡೆದಿದೆ, ಕ್ಯಾಪ್ಟನ್ ಹುದ್ದೆಗೆ ನನ್ನ ಹೆಸರನ್ನು ಪರಿಶೀಲಿಸಬೇಕು ಎಂದು ವಿನಯದಿಂದ ಕೇಳಿದ್ದಾನೆ. ಪತ್ರದ ಹಿಂಬದಿಗೆ ಗವರ್ನರ್ ಟಿಪ್ಪಣಿ: “ಆರನೆಯ ಸಾಲು ನೋಡಿ. ಕಮ್ಮಾರ ಹಾರ್ಕರನನ್ನು ನೇಮಿಸಿ.” ಇಷ್ಟೇ. ನಾನು ಟೈಪ್ ಮಾಡಿದ್ದರಲ್ಲಿ ಆರನೆಯ ಸಾಲು ನೋಡಿದೆ: “ನಮಗೆ ಡೋಲು ಇನ್ನೂ ಬಂದು ತಲುಪಿಲ್ಲ.” ಡೋಲು ಬಂದಿಲ್ಲವೆಂದು ಮಾಸ್ತರನನ್ನು ಬಿಟ್ಟು ಕಮ್ಮಾರನನ್ನು ಮಾಡುವುದೇ? ಆ ಕಮ್ಮಾರನಿಗೆ ಹೆಸರು ಬರೆಯಲೂ ಬರುವುದಿಲ್ಲ. ಬೇರೊಂದು ಪಟ್ಟಿಯಲ್ಲಿ ಸಹಿಯ ಜಾಗಕ್ಕೆ ಅಡ್ಡಗೀಟು ಹಾಕಿದ್ದಾನೆ.

ಅಧಿಕಾರದಲ್ಲಿ ಇರುವವರು ಎಲ್ಲ ಕಾಲಕ್ಕೂ ಹೀಗೇ.

ಪ್ರೌಟ್ ಒಂದು ಸಾಲು ಬರೆದು ಹೊಡೆದುಹಾಕಿದ್ದ. ಎಂದಿನಂತೆ ಅದನ್ನು ಬಿಟ್ಟೆ. ಹೊಡೆದದ್ದನ್ನು ಓದುವುದು ಸ್ನಾನದ ಮನೆಯ ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ. ‘ಹೊಡೆದ ಬರಹ ಓದಲು ಬಂದರೆ ಗುರುತು ಹಾಕಿ ಟೈಪ್ ಮಾಡಿ’ ಎಂದು ನಿಯಮದ ಹಾಳೆಯಲ್ಲಿದೆ. ನಾನು ಓದಲು ಹೋಗುವುದೇ ಇಲ್ಲ, ಆದ್ದರಿಂದ ಓದಲು ಬರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ನನ್ನ ಪ್ರಬಂಧದಲ್ಲಿ ನಾನು ಹೊಡೆದುಹಾಕಿದ್ದ ಸಾಲನ್ನೇ ಟೀಚರ್ ಎಲ್ಲರ ಎದುರು ಓದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಅಂದಿನಿಂದ ನಾನು ಹೊಡೆದದ್ದನ್ನು ಕಾಗದ ಹರಿಯುವ ತನಕ ಕಪ್ಪು ಮಾಡುತ್ತೇನೆ. ಈ ಪುಟದಲ್ಲೂ ಎರಡು ಕಡೆ ಹಾಗೆ ಮಾಡಿದ್ದೇನೆ. ಅಷ್ಟು ಕಪ್ಪು ಮಾಡಲು ಪ್ರೌಟ್‌ಗೆ ಸಮಯವಿರಲಿಲ್ಲವೇನೋ. ಅವನ ಪರವಾಗಿ ನಾನು ಮಾಡಿದೆ.

ನವೆಂಬರ್ 11, ಮಂಗಳವಾರ

ಕ್ಯಾಂಟೀನಿನಲ್ಲಿ ನಾನು ಗೋಡೆಗೆ ಮುಖ ಮಾಡಿ ಊಟ ಮಾಡುವವಳು. ಇಂದು ಒಬ್ಬರು ಬಂದು ಗೋಡೆಗೂ ನನಗೂ ನಡುವೆ ಡಬ್ಬಿ ಇಟ್ಟು ಕುಳಿತರು.

“ಗ್ವಾಡಿ ನೋಡಕೋತ ಯಾಕ ಉಣ್ತೀ? ಗ್ವಾಡಿ ಏನ್ ತುತ್ತು ಮಾಡಿ ಹಾಕ್ತದೇನು?”

ಆಚೆ ಕೋಣೆಯ ಮಹಾದೇವಿ. ವಿಜಯಪುರದ ಕಡೆಯವರು, ಇರುವುದು ಜೋಗೇಶ್ವರಿಯಲ್ಲಿ. ಗಂಡ ಈಶ್ವರ ಮೆಟ್ರೋ ಕೆಲಸದಲ್ಲಿ ಕಂಬಿ ಕಟ್ಟುತ್ತಾರಂತೆ. ನಾನು ಇಡ್ಲಿ ಮುಂದೆ ಸರಿಸಿದೆ, ಅವರು ಜೋಳದ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಕೈಗೇ ಕೊಟ್ಟರು.

“ನೀವು ಇಲ್ಲಿಗೆ ಹೇಗೆ ಬಂದಿರಿ, ಅಕ್ಕಾ?”

“ನಡಕೋತ ಬಂದಿಲ್ಲವ್ವ, ಬಸ್ಸಿನ್ಯಾಗ ಬಂದೀನಿ,” ಎಂದು ತಾವೇ ನಕ್ಕರು. “ಊರಾಗ ಹನ್ನೆರಡನೇತ್ತ ಪಾಸ್ ಆಗಿದ್ದೆ. ಇಲ್ಲಿ ಬಂದು ಹತ್ತು ವರ್ಷ ನಾಕು ಮನಿ ಪಾತ್ರಿ ತಿಕ್ಕೀನಿ. ನಮ್ಮ ಗಲ್ಲ್ಯಾಗ ಫುಕಟ್ ಟೈಪಿಂಗ್ ಕ್ಲಾಸ್ ತೆಗದ್ರು. ಬೆರಳು ತೊಳದು ಹೋಗಿ ಕುಂತೆ. ಈಗ ಎ.ಸಿ.ಯಾಗ ಕುಂತ ಗವರ್ನರನ ಪತ್ರ ಟೈಪ್ ಹೊಡೀಲಾಕತ್ತೀನಿ. ನನ್ನ ಮಗಳು ಸಾಲ್ಯಾಗ ನಮ್ಮವ್ವ ಆಫೀಸಿನಾಕಿ ಅಂತ ಬರದಾಳ.”

“ಅರ್ಥ ಆಗ್ತದಾ, ಅಕ್ಕಾ, ಆ ಹಳೇ ಇಂಗ್ಲಿಷ್?”

“ಅರ್ಧ ಆಗಂಗಿಲ್ಲ. ಅದಕ್ಕ ಕಂಡದ್ದೆಲ್ಲ ಟೈಪ್ ಹೊಡದುಬಿಡ್ತೀನಿ. ಯಾವುದು ಬೇಕು, ಯಾವುದು ಬ್ಯಾಡ ಅಂತ ಆರಿಸಾಕ ನಾ ಯಾರು?”

ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಗೋಡೆಯ ಬದಲು ಒಬ್ಬರ ಮುಖ ನೋಡಿ ಊಟ ಮಾಡಿದ್ದು ಈ ಆಫೀಸಿನಲ್ಲಿ ಮೊದಲ ಸಲ.

ನವೆಂಬರ್ 14, ಶುಕ್ರವಾರ

ರಿವ್ಯೂವರ್ ಕೆಲಸಕ್ಕೆ ಫೋನಿನಲ್ಲೇ ಹತ್ತು ನಿಮಿಷದ ಇಂಟರ್‌ವ್ಯೂ ಆಯಿತು. ಬಹುತೇಕ ಸಿಕ್ಕಿದೆ ಎಂದರು ಸರ್.

ಮನೆಯಲ್ಲಿ ಹೇಳಿದೆ. ಅಮ್ಮ ಮಾತನಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅವಳು ಸ್ವಲ್ಪ ಮೃದುವಾಗಿಬಿಡುತ್ತಾಳೆ. “ಎಂತ ಮಾರಾಯ್ತಿ, ಬಾಯಿ ಬಿಡದವಳಿಗೆ ಪರ್ಮನೆಂಟ್ ಕೊಟ್ಟರಾ? ಆ ಆಫೀಸಿಗೆ ಬುದ್ಧಿ ಉಂಟು,” ಎಂದಳು. ಅಪ್ಪನಿಗೆ ಫೋನಿನಲ್ಲೇ ಹೇಳಿದ್ದೆ. ಹೋಟೆಲಿನಿಂದ ಬರುವಾಗ ನೂರು ಗ್ರಾಂ ಮೈಸೂರುಪಾಕು ಕಟ್ಟಿಸಿಕೊಂಡು ಬಂದರು.

ಇಷ್ಟು ಒಳ್ಳೆಯದೆಲ್ಲ ಒಟ್ಟಿಗೆ ಬಂದರೆ ಎಲ್ಲಿಡುವುದೆಂದು ಗೊತ್ತಾಗುವುದಿಲ್ಲ.

ನವೆಂಬರ್ 18, ಮಂಗಳವಾರ

ಊಟದ ಹೊತ್ತಿಗೆ ಮಹಾದೇವಿಯಕ್ಕ ಡಬ್ಬಿ ಬಿಚ್ಚಲಿಲ್ಲ. ಅವರ ತಪ್ಪುಗಳ ಪ್ರಮಾಣ ಎರಡು ತಿಂಗಳಿಂದ ಮಿತಿಗಿಂತ ಹೆಚ್ಚಾಗಿದೆಯಂತೆ. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದು ಹೇಳಿದ್ದಾರೆ.

“ಪಾತ್ರಿ ತಿಕ್ಕೂದು ನನಗೇನು ಹೊಸಾದಲ್ಲ, ತಂಗಿ. ಆ ಹುಡುಗಿ ಬರದದ್ದು ಸುಳ್ಳಾಗ್ತದ, ಅದೊಂದ ಸಂಕಟ.” ನಾಲ್ಕಾಗಿ ಮಡಿಸಿದ ಕಾಗದ ತೆಗೆದರು. “ನೀ ಓದಿದಾಕಿ. ನಾ ಎಲ್ಲಿ ತಪ್ಪಾಕತ್ತೀನಿ ನೋಡಿ ಹೇಳು. ನಾ ಭಾಳ ಎಚ್ಚರಿಂದ ಹೊಡೀತೀನಿ ಖರೇನ.”

ಪರದೆಯ ಮೇಲಿನ ತಪ್ಪುಪಟ್ಟಿಯನ್ನು ಪೆನ್ನಿನಲ್ಲಿ ಇಳಿಸಿಕೊಂಡು ಬಂದಿದ್ದರು. ದುಂಡನೆಯ ಅಕ್ಷರ. ಪತ್ರದ ಸಂಖ್ಯೆ, ಮುಂದೆ ಷರಾ. ‘ಹೆಚ್ಚುವರಿ ಸಾಲು, ಒಂದನೇ ಪ್ರತಿಯಲ್ಲಿಲ್ಲ.’ ‘ಹೆಚ್ಚುವರಿ ಪದಗಳು, ಒಂದನೇ ಪ್ರತಿಯಲ್ಲಿಲ್ಲ.’ ಕೆಳಗಿನವರೆಗೂ ಅದೇ. ಒಂಬತ್ತನೆಯ ಸಂಖ್ಯೆ ಪ್ರೌಟ್‌ನ ಪತ್ರದ್ದು.

ಒಂದನೇ ಪ್ರತಿ ನನ್ನದು.

“ಏನರೆ ತಿಳೀತೇನು?” ಎಂದರು.

“ನೋಡಿ ಹೇಳ್ತೇನೆ,” ಎಂದೆ. ಆ ಕಾಗದವನ್ನು ಡೈರಿಯಲ್ಲಿಟ್ಟು ತಂದಿದ್ದೇನೆ.

ನವೆಂಬರ್ 19, ಬುಧವಾರ

ಇಂದು ರಜೆ ಹಾಕಿದೆ. ತಲೆನೋವು ಎಂದು ಸುಳ್ಳು ಹೇಳಿದೆ.

ನವೆಂಬರ್ 20, ಗುರುವಾರ

ಒಂಬತ್ತಕ್ಕೆ ಮುಂಚೆ ಆಫೀಸಿಗೆ ಹೋದೆ. ಕಸ ಗುಡಿಸುವವರು ಇನ್ನೂ ಇದ್ದರು. ಪಟ್ಟಿಯಲ್ಲಿದ್ದ ಪತ್ರಗಳ ಫೋಟೋಗಳನ್ನು ಒಂದೊಂದಾಗಿ ತೆರೆದು, ಹೊಡೆದ ಸಾಲುಗಳನ್ನು ಮೊದಲ ಸಲ ಓದಿದೆ. ಒಬ್ಬ ತಾಯಿ “ನನ್ನ ಮಗನನ್ನು ಲೆಫ್ಟಿನೆಂಟ್ ಮಾಡಿ” ಎನ್ನುವುದಕ್ಕೆ ಮುಂಚೆ “ಅವನನ್ನು ಮನೆಗೆ ಕಳಿಸಿ” ಎಂದು ಬರೆದು ಹೊಡೆದಿದ್ದಾಳೆ. ನಾನು ಅವಳನ್ನು ಆಸೆಬುರುಕಿ ಅಂದುಕೊಂಡಿದ್ದೆ.

ಆಮೇಲೆ ಪ್ರೌಟ್. ಕಾಗದದ ಮೇಲೆ ಸಾಲು ಎಣಿಸಿದೆ. ಹೊಡೆದ ಸಾಲೇ ಆರನೆಯದು; ಡೋಲಿನದು ಏಳನೆಯದು. ಆರನೆಯದು ಹೀಗಿದೆ:

“ನಮ್ಮವರು ಕೈಯೆತ್ತಿದ್ದು ಹಾರ್ಕರ್‌ಗೆ, ನನಗಲ್ಲ, ಅವನಿಗೆ ಬರೆಯಲು ಬಾರದೆಂದು ಈ ಪತ್ರವನ್ನು ಬರೆಯಲು ನನಗೆ ಹೇಳಿದರು.”

ಅದರ ಮೇಲೆ ಒಂದೇ ಒಂದು ಗೀಟು, ತೆಳುವಾಗಿ.

ಎಂಬತ್ತಮೂರು ಜನ ನಂಬಿ ಒಪ್ಪಿಸಿದ ಪತ್ರದಲ್ಲಿ ಮಾಸ್ತರ ತನ್ನ ಹೆಸರನ್ನು ಸೇರಿಸಿದ. ನಿಜವನ್ನು ಬರೆದ, ಹೊಡೆದ, ಆದರೆ ಬೇರೆ ಹಾಳೆಗೆ ಚೊಕ್ಕವಾಗಿ ಇಳಿಸಲಿಲ್ಲ. ಹಾಳೆ ಇರಲಿಲ್ಲವೇ? ಅಥವಾ ಯಾರಾದರೂ ಓದಲಿ ಎಂದೇ ಹಾಗೆ ಕಳಿಸಿದನೇ? ಗವರ್ನರ್ ಓದಿದರು. ದಿನಕ್ಕೆ ನೂರಾರು ಪತ್ರ ಬರುತ್ತಿದ್ದ ಕಾಲದಲ್ಲಿ, ದೀಪದ ಬೆಳಕಿನಲ್ಲೋ ಏನೋ, ಹೊಡೆದ ಸಾಲನ್ನೂ ಬಿಡದೆ ಓದಿದರು. ಆ ಮನುಷ್ಯನ ಬಗ್ಗೆ ನಾನು ಎಂಥ ಮಾತು ಬರೆದಿದ್ದೆ!

ಎರಡು ತಿಂಗಳ ನಂತರದ ಇನ್ನೊಂದು ಕಾಗದ ಅದೇ ಕಡತದಲ್ಲಿತ್ತು. ಕ್ಯಾಪ್ಟನ್ ಹಾರ್ಕರ್ ಕಳಿಸಿದ ಮೊದಲ ವರದಿ. ಕೊನೆಯಲ್ಲಿ ಕಮ್ಮಾರನ ಅಡ್ಡಗೀಟು. ಮೇಲಿನದೆಲ್ಲ ಪ್ರೌಟ್‌ನ ಕೈಬರಹ. ಬರೆಯುವ ಕೆಲಸಕ್ಕೆ ಅವನನ್ನೇ ಇಟ್ಟುಕೊಂಡಿದ್ದ.

ಪರದೆಯ ಮುಂದೆ ಕುಳಿತು ಅತ್ತೆ. ಗುಡಿಸುವ ರುಕ್ಮಿಣಿಬಾಯಿ ಕುರ್ಚಿಯ ಸುತ್ತ ಮಾತ್ರ ಗುಡಿಸಿ ಹೋದರು.

ನವೆಂಬರ್ 21, ಶುಕ್ರವಾರ

ಹೇಳಿದೆ. ಕ್ಯಾಂಟೀನಿನಲ್ಲಲ್ಲ, ಹೊರಗೆ ಬಸ್‌ಸ್ಟಾಪಿನಲ್ಲಿ. “ನಿಮ್ಮ ತಪ್ಪು ಒಂದೂ ಇಲ್ಲ, ಅಕ್ಕಾ. ಒಂದನೇ ಕೈ ನಾನು. ಹೊಡೆದ ಸಾಲುಗಳನ್ನೆಲ್ಲ ನಾನು ಬಿಟ್ಟಿದ್ದೆ. ನನ್ನದು ಸರಿಯೆಂದು ಸರ್ ಒಪ್ಪಿದ್ದರಿಂದ ನಿಮ್ಮದು ತಪ್ಪಾಯಿತು.”

ಜೋಗೇಶ್ವರಿಯ ಒಂದು ಬಸ್ಸು ಬಂತು. ಅವರು ಹತ್ತಲಿಲ್ಲ.

“ಯಾಕ ಬಿಟ್ರಿ, ಮೇಡಂ?” ಎಂದರು. ಹತ್ತು ದಿನದಿಂದ ತಂಗಿ ಎನ್ನುತ್ತಿದ್ದವರು.

“ಅವರು ಹೊಡೆದುಹಾಕಿದ್ದಲ್ವಾ. ಓದಬಾರದು ಅನ್ನಿಸ್ತು.”

“ಭಾರಿ ಮರ್ಯಾದಿ ನೋಡ್ರಿ ನಿಮ್ದು. ಸತ್ತು ನೂರೈವತ್ತು ವರ್ಷಾದ ಗೋರ್ಯಾಗಿನ ಮಂದಿ ನಾಚಿಕಿ ಕಾಯ್ದ್ರಿ. ಬಾಜೂ ಕ್ವಾಣ್ಯಾಗಿನ ಜೀವಂತ ಮನಷ್ಯಾರು ಕಾಣ್ಲಿಲ್ಲ.”

ಇನ್ನೊಂದು ಬಸ್ಸು ಬಂದು ಹೋಯಿತು.

“ಎರಡು ತಿಂಗಳು ಕನ್ನಡಿ ಮುಂದ ನಿಂತು ನನಗ ನಾನ ಬೈಕೊಂಡೀನಿ, ದಡ್ಡಿ ಅಂತ,” ಎಂದರು. ಆಮೇಲೆ, “ಖರೇನ ನಂದು ತಪ್ಪಿರಲಿಲ್ಲಾ?”

“ಒಂದೂ ಇಲ್ಲ. ನಾನೇ ಕುಳಿತು ನೋಡಿದೆ. ಕಾಗದದಲ್ಲಿ ಇದ್ದದ್ದೆಲ್ಲ ನಿಮ್ಮಲ್ಲಿತ್ತು.”

ಅವರ ಮುಖದ ಮೇಲೆ ಏನೋ ಬಂತು. ನಗುವಲ್ಲ. ಬೆನ್ನು ನೆಟ್ಟಗಾಯಿತು. “ಹಂಗಾರ ಒಳಗ ಹೋಗಿ ಹೇಳು. ನಾ ಹೇಳಿದ್ರ ಯಾರು ಕೇಳ್ತಾರ?” ಎಂದು ಮೂರನೇ ಬಸ್ಸು ಹತ್ತಿದರು. ಕಿಟಕಿಯಿಂದ ಡಬ್ಬಿ ಚಾಚಿದರು. “ತಗೋ. ಇವತ್ತ ಉಂಡಿಲ್ಲ ನಾ. ರೊಟ್ಟಿ ಕೆಡಸಬ್ಯಾಡ.”

ಅವರು ‘ಹೇಳು’ ಎಂದದ್ದು ಹೊಳೆದದ್ದು ಲೋಕಲ್ ಹತ್ತಿದ ಮೇಲೆ. ‘ಹೇಳ್ರಿ’ ಎನ್ನಲಿಲ್ಲ. ಕುರ್ಲಾ ಬರುವವರೆಗೆ ಆ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ.

ನವೆಂಬರ್ 24, ಸೋಮವಾರ

ಶಶಿಕಾಂತ್ ಸರ್ ಕೆಟ್ಟವರಲ್ಲ. ಇದನ್ನು ಮೊದಲು ಬರೆದಿಡುತ್ತೇನೆ. ಮೂರು ಜನರ ಕೆಲಸ ಒಬ್ಬರೇ ಮಾಡುತ್ತಾರೆ.

“ಅರೇ ಬಾಬಾ, ಈಗ ಹೇಳ್ತೀಯಾ?” ಎಂದು ಕನ್ನಡಕ ತೆಗೆದರು. “ನಿನ್ನ ಸೇರುವಾಗಿನ ಟೆಸ್ಟ್ ಮಾರ್ಕ್ ನೋಡಿ ನಿಂದು ಸರಿ ಅಂತ ಓಕೆ ಮಾಡ್ತಾ ಹೋದೆ. ಎಲ್ಲ ಫೋಟೋ ತೆಗೆದು ನೋಡಲಿಕ್ಕೆ ಟೈಮ್ ಎಲ್ಲುಂಟು? ತಪ್ಪು ನಂದೂ ಹೌದು.”

“ಹಾಗಾದರೆ ಮಹಾದೇವಿಯವರದ್ದು…”

“ರಿಪೋರ್ಟ್ ಮೇಲೆ ಹೋಗಿ ಆಯ್ತು. ಈಗ ತಿರುಗಿಸಿದರೆ ನಲವತ್ತೊಂದು ಲೆಟರ್ ರಾಂಗ್ ಅಂತ ಕ್ಲೈಂಟ್‌ಗೆ ಹೇಳಬೇಕು. ನಿನ್ನ ಪೋಸ್ಟ್ ಹೋಗ್ತದೆ. ನನಗೂ ಮಂಗಳಾರತಿ.” ದನಿ ತಗ್ಗಿಸಿದರು. “ಹೊಡೆದು ಹಾಕಿದ ಲೈನ್ ಯಾರು ಓದ್ತಾರೆ ಹೇಳು. ನೀನು ರಿವ್ಯೂವರ್ ಆದ ಮೇಲೆ ಮುಂದಿನದ್ದೆಲ್ಲ ಸರಿಯಾಗಿ ಮಾಡು. ಆಕೆಗೆ ಬೇರೆ ಎಲ್ಲಾದರೂ ನೋಡುವಾ. ಓಕೆ? ಟೆನ್ಷನ್ ತಗೋಬೇಡ.”

ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. “ಓಕೆ ಸರ್” ಎಂದು ಬಂದೆ.

‘ಓಕೆ’ ಎಂದಿದ್ದೇನೆ.

ನವೆಂಬರ್ 25, ಮಂಗಳವಾರ

ಬೆಳಿಗ್ಗೆ ‘ರೋಕೋ’ ಎಂದು ಕೂಗಿ ಆಫೀಸಿನ ಗೇಟಿನ ಎದುರಿಗೇ ಇಳಿದೆ. ರಿಕ್ಷಾದವನು, “ಇತ್ನಾ ಕಾಯ್ಕೋ ಚಿಲ್ಲಾತೀ ಹೈ ಮ್ಯಾಡಮ್, ಬೆಹೆರಾ ನಹೀಂ ಹೂಂ,” ಎಂದ; ಇಷ್ಟು ಯಾಕೆ ಕೂಗುವುದು, ಕಿವುಡನಲ್ಲ ನಾನು, ಎಂದು. ಕೆರೆ ನೋಡುವುದು ತಪ್ಪಿತು.

ಇಡೀ ದಿನ ಎಂದಿನಂತೆ ಕೆಲಸ ಮಾಡಿದೆ. ಹೊಡೆದದ್ದನ್ನೂ ಓದಿದೆ, ಟೈಪ್ ಮಾಡಿದೆ. ಇಣುಕಿದ ಹಾಗೆ ಅನ್ನಿಸಲಿಲ್ಲ. ಯಾರೋ ಪಕ್ಕದಲ್ಲಿ ಕುಳಿತು, ಹೇಳಲೋ ಬೇಡವೋ ಎಂದು ತಡವರಿಸುತ್ತಿದ್ದಾಗ ಸುಮ್ಮನೆ ಕೇಳಿಸಿಕೊಂಡ ಹಾಗೆ ಅನ್ನಿಸಿತು.

ಮಹಾದೇವಿಯಕ್ಕನಿಗೆ ಡಬ್ಬಿ ವಾಪಸು ಕೊಟ್ಟೆ. ಅಮ್ಮ ಅದರಲ್ಲಿ ನೀರುದೋಸೆ ತುಂಬಿದ್ದಳು. “ಇದೇನು, ಕರ್ಚೀಫ್ ಮಡಚಿ ಇಟ್ಟೀಯೇನು?” ಎಂದು ಎತ್ತಿ ನೋಡಿ ನಕ್ಕರು, ನಾಲ್ಕು ತಿಂದರು. ಸರ್ ಏನೆಂದರು ಎಂದು ಕೇಳಲಿಲ್ಲ. ನಾನು ಹೇಳಬಹುದಿತ್ತು. ಏನಾದರೂ ಆಗುವ ತನಕ ಹೇಳುವುದು ಬೇಡ ಅನ್ನಿಸಿತು. ಇನ್ನು ಐದು ದಿನಕ್ಕೆ ತಿಂಗಳು ಮುಗಿಯುತ್ತದೆ.

ಅಪ್ಪನ ಮೈಸೂರುಪಾಕು ನೆನಪಾಗುತ್ತದೆ. ಅವರಿಗೆ ಏನು ಹೇಳಲಿ? ನನಗೆ ಆ ಕೆಲಸ ಬೇಡ ಎಂದು ಇಲ್ಲಿ ಬರೆದಿದ್ದೆ, ಆ ಸಾಲನ್ನು ಹೊಡೆದೆ. ಸುಳ್ಳು ಅದು, ಬಹಳ ಬೇಕು. ಕಪ್ಪು ಮಾಡಿಲ್ಲ. ಒಂದೇ ಗೀಟು ಎಳೆದಿದ್ದೇನೆ, ಓದಬಹುದು.

ಎರಡು ತಿಂಗಳಿಂದ ನಾನು ಓದುತ್ತಿರುವುದೆಲ್ಲ ಎದುರು ನಿಂತು ಮಾತನಾಡಲಾಗದವರು ಬರೆದದ್ದು. ಅವರಿಂದ ಒಂದು ಕಲಿತಿದ್ದೇನೆ: ನಡೆದದ್ದನ್ನು ಹೇಳು, ಒಂದನ್ನೇ ಕೇಳು, ಹೆಸರು ಹಾಕು. ಬುಧವಾರ ಬುಧವಾರ ನಾವು ಮುಗಿಸಿದ ಪತ್ರಗಳ ಎರಡೂ ಪ್ರತಿಗಳ ಜೊತೆ ಒಂದು ಪಟ್ಟಿ, ಈ ಕೆಲಸ ಕೊಟ್ಟ ಅಮೆರಿಕದ ಪತ್ರಾಗಾರಕ್ಕೆ ಹೋಗುತ್ತದೆ. ಅದರಲ್ಲಿ ನಮ್ಮ ಹೆಸರಿರುವುದಿಲ್ಲ, ನಂಬರು ಮಾತ್ರ; ಕೊನೆಯಲ್ಲಿ ಷರಾ ಎಂದು ಒಂದು ಅಂಕಣವಿದೆ. ಟೈಪ್ ಮಾಡಿದವರು ಏನಾದರೂ ಹೇಳುವುದಿದ್ದರೆ ಬರೆಯಲಿ ಎಂದು. ಇದುವರೆಗೆ ಯಾರೂ ಬರೆದದ್ದು ನೋಡಿಲ್ಲ. ಕಳಿಸುವ ಮುಂಚೆ ಸರ್‌ಗೆ ತೋರಿಸುತ್ತೇನೆ, ಅವರಿಂದ ಮುಚ್ಚಿಡುವುದಿಲ್ಲ. ಬೇಡವೆಂದರೂ ಕಳಿಸುತ್ತೇನೆ.

ನಾಳೆ ಆ ಅಂಕಣದಲ್ಲಿ ಬರೆಯುವುದು ಇಷ್ಟು: “ಈ ನಲವತ್ತೊಂದು ಪತ್ರಗಳಲ್ಲಿ ಹೊಡೆದ ಸಾಲುಗಳನ್ನು ಬಿಟ್ಟವಳು ನಾನು. ಅವೆಲ್ಲವೂ ಎರಡನೇ ಪ್ರತಿಯಲ್ಲಿ ಇವೆ. ದಯವಿಟ್ಟು ಆ ಪ್ರತಿಯನ್ನೇ ಸರಿಯೆಂದು ತೆಗೆದುಕೊಳ್ಳಿ. ಅದನ್ನು ಮಾಡಿದವರು ಮಹಾದೇವಿ.”

ಕೆಳಗೆ ಯಕ್ಷಿತಾ ಎಂದು ಹಾಕುತ್ತೇನೆ. ನಂಬರಲ್ಲ, ಹೆಸರು.